ಆಗಸ್ಟ್ ಬೇಡ, ಸೆಪ್ಟೆಂಬರ್ ಕೇಳಿ

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ, ವಯಸ್ಸು 61. ಯಜಮಾನರಿಗೆ 67. ಮಗ, ಸೊಸೆ, ಎಂಟು ವರ್ಷದ ಮೊಮ್ಮಗಳು ಜರ್ಮನಿಯ ಮ್ಯೂನಿಕ್‌ನಲ್ಲಿದ್ದಾರೆ. ಮುಂದಿನ ವರ್ಷ ನಮ್ಮನ್ನು ಕರೆಸಿಕೊಂಡು, ಒಂದು ವಾರ ಇಟಲಿಯ ಅಮಾಲ್ಫಿ ಕರಾವಳಿ ತೋರಿಸಬೇಕೆಂದು ಮಗನ ಆಸೆ. ಮೊಮ್ಮಗಳಿಗೆ ಶಾಲೆ ರಜೆ ಇರುತ್ತದೆಂದು ಆಗಸ್ಟ್ ಎರಡನೇ ವಾರ ಅಂದುಕೊಂಡಿದ್ದಾನೆ. ಬಾಡಿಗೆ ಕಾರಿನಲ್ಲಿ ಊರೂರು ಸುತ್ತಿಸುತ್ತಾನಂತೆ. ಯಜಮಾನರಿಗೆ ಮಂಡಿನೋವು, ಬಿ.ಪಿ. ಮಾತ್ರೆಯೂ ಇದೆ. ಆದರೂ ಒಮ್ಮೆ ಆ ಸಮುದ್ರಕ್ಕಿಳಿಯಬೇಕು ಅನ್ನುತ್ತಾರೆ. ಅಲ್ಲಿಗೆ ಹೋಗಿಬಂದ ನೆರೆಯವರೊಬ್ಬರು ಆಗಸ್ಟ್ ಬೇಡವೇ ಬೇಡ, ಮೇ ತಿಂಗಳೇ ಸರಿ ಎಂದರು. ಇನ್ನೊಬ್ಬರು ಡಿಸೆಂಬರ್‌ನಲ್ಲಿ ಅಗ್ಗ ಎಂದರು. ಯಜಮಾನರನ್ನು ಕೇಳಿದರೆ "ಮಗ ಪ್ರೀತಿಯಿಂದ ಕರೀತಿದ್ದಾನೆ, ನೀನು ತಕರಾರು ತೆಗೀಬೇಡ" ಅನ್ನುತ್ತಾರೆ. ಹೇಳಲೂ ಆಗುತ್ತಿಲ್ಲ, ಸುಮ್ಮನಿರಲೂ ಆಗುತ್ತಿಲ್ಲ. ಯಾವ ತಿಂಗಳು ಒಳ್ಳೆಯದು?
ಹೆಸರು ಬೇಡ, ಮೈಸೂರು

ಉತ್ತರ: ಅಮ್ಮಾ, ಮೊದಲು ನಿಮ್ಮ ಪ್ರಶ್ನೆಗೆ ನೇರ ಉತ್ತರ ಕೊಡುತ್ತೇನೆ. ನಿಮ್ಮ ಕುಟುಂಬಕ್ಕೆ ಸೆಪ್ಟೆಂಬರ್‌ನ ಮೊದಲ ಎರಡು ವಾರ ಒಳ್ಳೆಯದು. ನೀವು ಮಗನಿಗೆ ಇದನ್ನು ಹೇಳಲೇಬೇಕು. ಹೇಳಿದರೆ ಅದು ತಕರಾರಾಗುವುದಿಲ್ಲ. ಜೊತೆಗೆ ಬರುವವರ ಮಂಡಿ, ಉಸಿರು, ಆಸೆ ಮೂರೂ ಗೊತ್ತಿದ್ದರೆ ತಾನೇ ಕರೆದೊಯ್ಯುವವನು ಸರಿಯಾಗಿ ಯೋಜನೆ ಹಾಕಬಲ್ಲ?

ನಿಮ್ಮ ನೆರೆಯವರಿಬ್ಬರೂ ತಮ್ಮ ತಮ್ಮ ಲೆಕ್ಕದಲ್ಲಿ ತಪ್ಪು ಹೇಳಿಲ್ಲ. ಒಂದು ಜಾಗಕ್ಕೆ ಯಾವ ಕಾಲ ಒಳ್ಳೆಯದು ಎನ್ನುವುದು ಅಲ್ಲಿಗೆ ಯಾರು ಹೋಗುತ್ತಾರೆ, ಹೋಗಿ ಏನು ಮಾಡುತ್ತಾರೆ ಎನ್ನುವುದರ ಮೇಲೆ ನಿಂತಿದೆ. ಹಾಗಾಗಿ ತಿಂಗಳುಗಳನ್ನು ನಿಮ್ಮ ಮನೆಯವರ ಕಣ್ಣಿನಿಂದಲೇ ನೋಡೋಣ.

ಆಗಸ್ಟ್‌ನಲ್ಲಿ ಅಲ್ಲಿನ ಹಗಲಿನ ಉಷ್ಣಾಂಶ 30 ಡಿಗ್ರಿ ದಾಟುತ್ತದೆ. ಏಪ್ರಿಲ್‌ನ ಮೈಸೂರು ಕಂಡವರಿಗೆ ಇದೇನು ಮಹಾ ಎನಿಸಬಹುದು. ಆದರೆ ಅಲ್ಲಿ ಕಷ್ಟ ಕೊಡುವುದು ಬಿಸಿಲೊಂದೇ ಅಲ್ಲ. ಅಮಾಲ್ಫಿ ಕರಾವಳಿಯೆಂದರೆ ಸಮುದ್ರಕ್ಕೆ ಕಡಿದಾಗಿ ಇಳಿಯುವ ಬೆಟ್ಟ, ಆ ಬೆಟ್ಟಕ್ಕೆ ಅಂಟಿಕೊಂಡ ಊರುಗಳು. ಪೊಸಿಟಾನೊದಲ್ಲಿ ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಕಡಲತೀರಕ್ಕೆ ಎಲ್ಲವೂ ಮೆಟ್ಟಿಲ ದಾರಿ. ಅಮಾಲ್ಫಿ ಊರಿನ ಸಂತ ಆಂದ್ರೆಯ ದೊಡ್ಡ ಚರ್ಚಿನ ಬಾಗಿಲು ಮುಟ್ಟಬೇಕಾದರೆ 62 ಮೆಟ್ಟಿಲು ಹತ್ತಬೇಕು. ಬಿಸಿಲಿಗೆ ಕಾದ ಕಲ್ಲು, ಹತ್ತುವಾಗ ಹಿಂದೆಮುಂದೆ ಜನ, ನಿಂತು ಸುಧಾರಿಸಿಕೊಳ್ಳಲು ನೆರಳಿಲ್ಲ. ಮಂಡಿನೋವಿನವರಿಗೆ ಇದು ನಡು ಮಧ್ಯಾಹ್ನದ ಶಿಕ್ಷೆ.

ಜನಸಂದಣಿಯದು ಇನ್ನೊಂದು ಕಥೆ. ಆಗಸ್ಟ್ 15 ಇಟಲಿಯಲ್ಲಿ ಮಾತೆ ಮರಿಯಳ ಸ್ವರ್ಗಾರೋಹಣದ ಹಬ್ಬ, 'ಫೆರ್‍ರಗೋಸ್ತೊ' ಅನ್ನುತ್ತಾರೆ. ಅದರ ಆಸುಪಾಸಿನಲ್ಲಿ ಇಡೀ ದೇಶವೇ ರಜೆ ಹಾಕಿ ಸಮುದ್ರದ ಕಡೆ ಮುಖ ಮಾಡುತ್ತದೆ. ನಿಮ್ಮ ಮಗ ಆರಿಸಿರುವುದು ಸರಿಯಾಗಿ ಅದೇ ವಾರ! ಊರುಗಳನ್ನು ಸೇರಿಸುವುದು ಬಂಡೆ ಕೊರೆದು ಮಾಡಿದ ಒಂದೇ ಒಂದು ಇಕ್ಕಟ್ಟಾದ ರಸ್ತೆ. ತಿರುವಿನಲ್ಲಿ ಎದುರಿನಿಂದ ಬಸ್ಸು ಬಂತೆಂದರೆ ಕಾರುಗಳೆಲ್ಲ ಒಂದರ ಹಿಂದೊಂದು ರಿವರ್ಸ್ ತೆಗೆದುಕೊಂಡು ದಾರಿ ಬಿಡಬೇಕು. ದಟ್ಟಣೆ ತಡೆಯಲಾಗದೆ, ಕೆಲವು ವರ್ಷಗಳಿಂದ ಆಗಸ್ಟ್ ಪೂರ್ತಿ ಹಗಲು ಹೊತ್ತಿನಲ್ಲಿ ಸಮ-ಬೆಸ ನಂಬರ್ ಪ್ಲೇಟಿನ ನಿಯಮ ಜಾರಿಗೆ ತಂದಿದ್ದಾರೆ. ಒಂದು ದಿನ ಸಮ ಸಂಖ್ಯೆಯ ಕಾರು, ಮರುದಿನ ಬೆಸ ಸಂಖ್ಯೆಯದು. ಬಾಡಿಗೆ ಕಾರಿನ ಯೋಜನೆ ಅಲ್ಲೇ ಅರ್ಧ ಮುರಿದುಬೀಳುತ್ತದೆ.

ಮೇ ತಿಂಗಳು ನಿಜಕ್ಕೂ ಸೊಗಸು. ಬೆಟ್ಟ ಹಸಿರಾಗಿರುತ್ತದೆ, ತಂಪು ಗಾಳಿ ಇರುತ್ತದೆ. ಚೆಸ್ಟ್‌ನಟ್ ಮರದ ಗಳುಗಳ ಚಪ್ಪರದಡಿ ಅಲ್ಲಿನ ಉದ್ದನೆಯ ನಿಂಬೆಹಣ್ಣುಗಳು ತೂಗುತ್ತಿರುತ್ತವೆ. ಬೊಮೆರಾನೊದಿಂದ ನೊಚೆಲ್ಲೆಗೆ ಬೆಟ್ಟದ ಅಂಚಿನಲ್ಲೇ ಸಾಗುವ 'ದೇವತೆಗಳ ಹಾದಿ'ಯಲ್ಲಿ ನಡೆಯುವವರಿಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಮಗನ ಊರಿರುವ ಬವೇರಿಯಾ ರಾಜ್ಯದ ಶಾಲೆಗಳಿಗೆ ಪೆಂಟೆಕೋಸ್ಟ್ ಹಬ್ಬದ ನಂತರ ಸುಮಾರು ಎರಡು ವಾರ ರಜೆಯೂ ಇರುತ್ತದೆ; ಅದು ಹೆಚ್ಚಾಗಿ ಮೇ ಕೊನೆ, ಜೂನ್ ಮೊದಲಿಗೆ ಬೀಳುತ್ತದೆ. ತೊಡಕು ಒಂದೇ. ಆಗ ಸಮುದ್ರದ ನೀರು 19 ಡಿಗ್ರಿಯ ಆಸುಪಾಸು, ನಮ್ಮ ಮೈಗೆ ಕೊರೆಯುವಷ್ಟು ತಣ್ಣಗೆ. ಯಜಮಾನರು ಪಾದ ಅದ್ದಿ ವಾಪಸು ಬರಬೇಕಾದೀತು.

ಡಿಸೆಂಬರ್‌ನಲ್ಲಿ ಅಗ್ಗ ಹೌದು, ಆದರೆ ನಿಮಗೆ ಉಪಯೋಗವಿಲ್ಲ. ನಮ್ಮಲ್ಲಿ ಮಳೆ ಬರುವುದು ಜೂನ್‌ನಿಂದ. ಮೆಡಿಟರೇನಿಯನ್ ಸೀಮೆಯಲ್ಲಿ ಕ್ರಮವೇ ತಿರುಗುಮುರುಗು. ಬೇಸಿಗೆಯಲ್ಲಿ ಅಟ್ಲಾಂಟಿಕ್ ಕಡೆಯ ಅಧಿಕ ಒತ್ತಡದ ವಲಯ ಉತ್ತರಕ್ಕೆ ಸರಿದು ಮೋಡಗಳನ್ನು ದೂರ ಇಡುತ್ತದೆ. ಚಳಿಗಾಲಕ್ಕೆ ಅದು ದಕ್ಷಿಣಕ್ಕೆ ಹಿಂದೆ ಸರಿದಾಗ ಪಶ್ಚಿಮದ ಗಾಳಿ ಮಳೆ ಹೊತ್ತು ತರುತ್ತದೆ. ಅಲ್ಲಿ ಹೆಚ್ಚು ಮಳೆ ಸುರಿಯುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಚಳಿಗಾಲದಲ್ಲಿ ಬಹಳಷ್ಟು ಹೋಟೆಲುಗಳು ಬಾಗಿಲು ಹಾಕುತ್ತವೆ, ಊರೂರಿನ ನಡುವಿನ ದೋಣಿಗಳು ನಿಲ್ಲುತ್ತವೆ, ಸಂಜೆ ಐದಕ್ಕೆ ಮೊದಲೇ ಕತ್ತಲಾಗುತ್ತದೆ. ಅಕ್ಟೋಬರ್ ಕೊನೆಗೆ ಹೋಗೋಣವೆಂದು ಮಗ ಹೇಳಿದರೂ ಒಪ್ಪಬೇಡಿ. ಬಿಸಿಯಿರುವ ಸಮುದ್ರದ ಮೇಲೆ ತಣ್ಣನೆಯ ಗಾಳಿ ಬಂದಾಗ ಆ ಕಡಿದಾದ ಬೆಟ್ಟಗಳ ಮೇಲೆ ಭಾರಿ ಮಳೆ ಬೀಳುತ್ತದೆ. 1954ರ ಅಕ್ಟೋಬರ್ ಕೊನೆಯಲ್ಲಿ ಅಂಥದೇ ಮಳೆಯ ನೆರೆಗೆ ಸಲೆರ್ನೊ, ವಿಯೆತ್ರಿ, ಮಯೋರಿ ಕಡೆ 300ಕ್ಕೂ ಹೆಚ್ಚು ಜನ ಜೀವ ಕಳೆದುಕೊಂಡರು.

ಇನ್ನು ಸೆಪ್ಟೆಂಬರ್. ನೆಲ ಬೇಗ ಕಾದು ಬೇಗ ಆರುತ್ತದೆ, ಸಮುದ್ರ ನಿಧಾನ. ಒಲೆ ಆರಿದ ಮೇಲೂ ಬಚ್ಚಲ ಹಂಡೆಯ ನೀರು ಬಹಳ ಹೊತ್ತಿನ ತನಕ ಬಿಸಿ ಇರುವಂತೆ, ಬೇಸಿಗೆ ಇಳಿದ ಮೇಲೂ ಅಲ್ಲಿನ ಸಮುದ್ರ ಬೆಚ್ಚಗಿರುತ್ತದೆ. ಸೆಪ್ಟೆಂಬರ್ ಮೊದಲಲ್ಲಿ ನೀರು ಸುಮಾರು 25 ಡಿಗ್ರಿ, ಹಗಲು 28ರ ಆಸುಪಾಸು. ಇಟಲಿಯವರ ರಜೆ ಮುಗಿದು ತೀರದಲ್ಲಿ ಒಂದಿಷ್ಟು ಜಾಗ ಬಿಡುವಾಗಿರುತ್ತದೆ. ಪೂರಾ ಖಾಲಿ ಅಂದುಕೊಳ್ಳಬೇಡಿ, ಬೇರೆ ದೇಶದ ಪ್ರವಾಸಿಗರು ಇದ್ದೇ ಇರುತ್ತಾರೆ. ನಿಮ್ಮ ಮನೆಗೆ ಮುಖ್ಯವಾದ ವಿಷಯ ಬೇರೆ ಇದೆ: ಬವೇರಿಯಾದ ಬೇಸಿಗೆ ರಜೆ ಸಾಮಾನ್ಯವಾಗಿ ಆಗಸ್ಟ್ ಮೊದಲಿಗೆ ಶುರುವಾಗಿ ಸೆಪ್ಟೆಂಬರ್ ಮಧ್ಯದವರೆಗೆ ಇರುತ್ತದೆ. ಅಂದರೆ ಮೊಮ್ಮಗಳ ಶಾಲೆ ತಪ್ಪುವುದಿಲ್ಲ. ಮಗ ರಜೆಯನ್ನು ಮೂರು ವಾರ ಮುಂದಕ್ಕೆ ಹಾಕಿಕೊಂಡರೆ ಸಾಕು.

ಎಲ್ಲಿ ಉಳಿಯುತ್ತೀರಿ ಎನ್ನುವುದೂ ತಿಂಗಳಷ್ಟೇ ಮುಖ್ಯ. ಫೋಟೋ ನೋಡಿ ಪೊಸಿಟಾನೊದಲ್ಲಿ ರೂಮು ಮಾಡಬೇಡಿ. ಮಯೋರಿ ಅಥವಾ ಸಲೆರ್ನೊ ಆರಿಸಿ. ಮಯೋರಿಯಲ್ಲಿ ಆ ಕರಾವಳಿಯ ಅತಿ ಉದ್ದದ ತೀರವಿದೆ, ಪಕ್ಕದಲ್ಲೇ ಸಮತಟ್ಟಾದ ನಡೆದಾಡುವ ದಾರಿ. ಸಲೆರ್ನೊಗೆ ನೇಪಲ್ಸ್‌ನಿಂದ ರೈಲಿದೆ. ಅಲ್ಲಿಂದ ದೋಣಿ ಹತ್ತಿದರೆ ಅರ್ಧ ಗಂಟೆ ಚಿಲ್ಲರೆಯಲ್ಲಿ ಅಮಾಲ್ಫಿ. ಕಾರಿನ ಗೊಡವೆ ಬೇಡ. ಬೆಳಗಿನ ದೋಣಿಗೆ ಹೋಗಿ, ಊಟಕ್ಕೆ ಮೊದಲು ಸುತ್ತಾಡಿ, ಮಧ್ಯಾಹ್ನ ಮಲಗಿ, ಸಂಜೆ ನೀರಿಗಿಳಿಯಿರಿ. ತೀರದಲ್ಲಿ ಮರಳಿಗಿಂತ ಬೆಣಚುಕಲ್ಲು ಹೆಚ್ಚು. ಯಜಮಾನರಿಗೆ ನೀರಿನಲ್ಲಿ ಹಾಕಿಕೊಳ್ಳುವ ರಬ್ಬರ್ ಅಡಿಯ ಶೂ ಕೊಡಿಸಿ, ಕಾಲು ಜಾರುವ ಭಯ ಇರುವುದಿಲ್ಲ. ಹೊರಡುವ ಮುನ್ನ ಅವರ ಡಾಕ್ಟರ ಹತ್ತಿರ ಬಿ.ಪಿ. ಮಾತ್ರೆಯ ವಿಷಯ, ಬಿಸಿಲಲ್ಲಿ ಎಷ್ಟು ನೀರು ಕುಡಿಯಬೇಕು, ಈಜಬಹುದೇ ಎಂದು ಕೇಳಿಕೊಳ್ಳಿ.

ಮಗನಿಗೆ ಹೇಳುವುದು ಹೇಗೆ? "ಆಗಸ್ಟ್ ಬೇಡ" ಎಂದಷ್ಟೇ ಹೇಳಿ ನಿಲ್ಲಿಸಿದರೆ ಅವನಿಗೆ ನೋವಾಗಬಹುದು. ಬದಲಿ ದಾರಿ ಕೈಯಲ್ಲಿಟ್ಟುಕೊಂಡೇ ಮಾತಾಡಿ. "ಮಗಾ, ನೀನು ಕರೆದಿದ್ದೇ ನಮಗೆ ದೊಡ್ಡ ಸಂತೋಷ. ಅಪ್ಪನಿಗೆ ಸಮುದ್ರಕ್ಕಿಳಿಯುವ ಆಸೆ ಇದೆ, ಆದರೆ ಬಿಸಿಲಲ್ಲಿ ಮೆಟ್ಟಿಲು ಹತ್ತೋಕ್ಕಾಗಲ್ಲ. ಸೆಪ್ಟೆಂಬರ್ ಮೊದಲ ವಾರವೂ ಪುಟ್ಟಿಗೆ ರಜೆ ಇರುತ್ತಂತೆ, ಆಗ ಹೋಗೋಣವಾ?" ಎಂದು ಕೇಳಿ. ಸೊಸೆಯೂ ಜೊತೆಗಿರುವಾಗ, ವಿಡಿಯೋ ಕಾಲ್‌ನಲ್ಲಿ, ಯಜಮಾನರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಹೇಳಿ. ಮಂಡಿನೋವಿನ ಮಾತು ಅವರ ಬಾಯಿಂದಲೇ ಬರಲಿ. ಈ ವಾರವೇ ಮಾತಾಡಿ, ಟಿಕೆಟ್ ಬುಕ್ ಆದ ಮೇಲೆ ಬದಲಾಯಿಸುವುದು ಎಲ್ಲರಿಗೂ ಕಷ್ಟ.

ಒಂದು ವೇಳೆ ಅವನ ಆಫೀಸಿನಲ್ಲಿ ಸೆಪ್ಟೆಂಬರ್ ರಜೆ ಸಿಗದಿದ್ದರೆ, ಆಗಸ್ಟ್‌ನ ಕೊನೆಯ ವಾರ ಕೇಳಿ. ಹಬ್ಬದ ನೂಕುನುಗ್ಗಲು ಅಷ್ಟು ಹೊತ್ತಿಗೆ ಇಳಿದಿರುತ್ತದೆ. ಅದೂ ಆಗದಿದ್ದರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ಅಜೆರೊಲಾದಲ್ಲಿ ಉಳಿಯಿರಿ, ರಾತ್ರಿಯಾದರೂ ತಂಪಾಗಿ ನಿದ್ದೆ ಬರುತ್ತದೆ.

ಕೊನೆಯದಾಗಿ ವೀಸಾ. ನೀವು ಹೆಚ್ಚು ದಿನ ಇರುವುದು ಜರ್ಮನಿಯಲ್ಲಾದ್ದರಿಂದ ಜರ್ಮನಿಯ ಷೆಂಗೆನ್ ವೀಸಾಕ್ಕೇ ಅರ್ಜಿ ಹಾಕಬೇಕು, ಅದರಲ್ಲೇ ಇಟಲಿಗೂ ಹೋಗಿಬರಬಹುದು. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ತೆಗೆದುಕೊಳ್ಳುತ್ತಾರೆ. ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚ ಭರಿಸುವ ಪ್ರಯಾಣ ವಿಮೆ ಕಡ್ಡಾಯ. ಆಗಸ್ಟ್ ಕೊನೆಗೆ ಮ್ಯೂನಿಕ್ ಮುಟ್ಟುವ ಲೆಕ್ಕದಲ್ಲಿ ಮಾರ್ಚ್‌ನಲ್ಲೇ ಕಾಗದಪತ್ರ ಜೋಡಿಸಲು ಶುರುಮಾಡಿ. ಹೋಗಿಬನ್ನಿ ಅಮ್ಮಾ, ಯಜಮಾನರನ್ನು ಖಂಡಿತ ನೀರಿಗಿಳಿಸಿ.