ಕಿರುಚಿತ್ರದ ಇಂದ್ರಜಿತುವೂ ನಮ್ಮ ಹಸೆಗೋಡೆಯೂ

ಕಿರುಚಿತ್ರವೆಂದರೆ ಗಾತ್ರದಲ್ಲಿ ಚಿಕ್ಕದಾದ ಚಿತ್ರವೆಂದಷ್ಟೇ ಹಲವರ ತಿಳಿವಳಿಕೆ. ಹೊತ್ತಗೆಯ ಒಂದು ಹಾಳೆಯಲ್ಲಿ ಇಡೀ ಕಥಾಪ್ರಸಂಗವನ್ನು ಅಡಗಿಸುವುದೇ ಅದರ ನಿಜವಾದ ಹೆಚ್ಚುಗಾರಿಕೆ. ಅದನ್ನು ಮಲೆನಾಡಿನ ವಿದ್ಯಾರ್ಥಿಗಳು ಹೇಗೆ ನೋಡಬಹುದೆಂಬುದನ್ನು ನನಗೆ ತೋರಿದ ಮಟ್ಟಿಗೆ ಇಲ್ಲಿ ನಿವೇದಿಸುತ್ತೇನೆ.

ಮೇವಾಡದ ಮಹಾರಾಣಾ ಒಂದನೆಯ ಜಗತ್ ಸಿಂಹನು ಬರೆಯಿಸಿದ ಸಚಿತ್ರ ರಾಮಾಯಣವು 1649ರಿಂದ 1653ರವರೆಗಿನ ಅವಧಿಯಲ್ಲಿ ಸಿದ್ಧವಾಯಿತು. ಅದರಲ್ಲಿ ನಾನೂರಕ್ಕೂ ಮಿಕ್ಕ ಚಿತ್ರಗಳಿದ್ದುವು. ಹಾಳೆಗಳಲ್ಲಿ ಬಹುಪಾಲು ಲಂಡನ್ನಿನ ಬ್ರಿಟಿಷ್ ಗ್ರಂಥಾಲಯದಲ್ಲಿವೆ. ಚದುರಿಹೋದವುಗಳನ್ನು 2014ರಲ್ಲಿ ಗಣಕಯಂತ್ರದ ತೆರೆಯ ಮೇಲೆ ಒಂದುಗೂಡಿಸಲಾಯಿತು. ಯುದ್ಧಕಾಂಡವನ್ನು ಚಿತ್ರಿಸಿದವನು ಸಾಹಿಬ್‌ದೀನನೆಂಬ ಮುಸಲ್ಮಾನ ಕಲಾವಿದ. ರಾಮಲಕ್ಷ್ಮಣರು ಸರ್ಪಾಸ್ತ್ರದಿಂದ ಬಂಧಿತರಾದ ಆತನ ಚಿತ್ರವನ್ನು ನೋಡಿರಿ. ಒಂದೇ ಹಾಳೆಯಲ್ಲಿ ಇಂದ್ರಜಿತುವು ಒಂದಕ್ಕಿಂತ ಹೆಚ್ಚು ಕಡೆ ಇದ್ದಾನೆ! ತ್ರಿಜಟೆಯೊಡನೆ ಪುಷ್ಪಕದಲ್ಲಿ ಬರುವ ಸೀತೆಯೂ ಅಲ್ಲೇ ಇದ್ದಾಳೆ.

‘ಒಬ್ಬನೇ ಮನುಷ್ಯ ಎರಡು ಕಡೆ ಹೇಗಿರುವನು?’ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ‘ಇಂದ್ರಜಿತು ಕಾಳಗ’ದ ಆಟವನ್ನು ನೋಡಿದವರು ಹೀಗೆ ಕೇಳಬೇಕಾಗಿಲ್ಲ. ರಂಗಸ್ಥಳದಲ್ಲಿ ವೇಷಧಾರಿಯು ಪ್ರಯಾಣಕುಣಿತದ ಒಂದು ಸುತ್ತು ಹಾಕಿದೊಡನೆ ಲಂಕೆಯು ರಣರಂಗವಾಗುತ್ತದೆ. ನೆಲ ಬದಲಾಗಲಿಲ್ಲ, ಪರದೆ ಬೀಳಲಿಲ್ಲ. ಆದರೂ ನಾವು ಒಪ್ಪುತ್ತೇವೆ. ಆ ಒಪ್ಪಿಗೆಯನ್ನೇ ಸಾಹಿಬ್‌ದೀನನು ನಮ್ಮಿಂದ ಬೇಡುತ್ತಾನೆ. ಮುಖದ ಹೋಲಿಕೆಯೂ ಅವನಿಗೆ ಮುಖ್ಯವಲ್ಲ. ಮೈಬಣ್ಣ, ಕಿರೀಟ, ತಲೆಗಳ ಎಣಿಕೆ ಇವುಗಳಿಂದಲೇ ಪಾತ್ರವನ್ನು ಗುರುತಿಸಬೇಕು. ಬಣ್ಣದ ವೇಷವನ್ನು ಕಂಡೊಡನೆ ರಕ್ಕಸನೆಂದು ಮಕ್ಕಳೂ ಹೇಳುವುದಿಲ್ಲವೆ?

ನಮ್ಮ ಸೀಮೆಯಲ್ಲಿ ಚಿತ್ರವಿದ್ಯೆ ಇರಲಿಲ್ಲವೆಂದಲ್ಲ. ಕೆಳದಿಯ ಬಸವರಾಜನು 1709ರಲ್ಲಿ ರಚಿಸಿದ ‘ಶಿವತತ್ತ್ವರತ್ನಾಕರ’ದಲ್ಲಿಯೇ ಚಿತ್ರಕರ್ಮದ ವಿಚಾರ ಬಂದಿದೆ. ಆದರೆ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಡೆ ಕೈಯಿಂದ ಕೈಗೆ ಬಂದಿರುವ ಚಿತ್ರ ಯಾವುದೆಂದರೆ ದೀವರ ಹೆಂಗಸರ ಹಸೆ ಚಿತ್ತಾರ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿಯ ಬಿಳುಪು, ಹುರಿದ ಅಕ್ಕಿಯ ಕಪ್ಪು, ಗುರಿಗೆಕಾಯಿಯ ಹಳದಿ, ಪುಂಡಿನಾರಿನ ಕುಂಚ: ಇಷ್ಟೇ ಸಾಮಗ್ರಿ. ಅರಮನೆಯ ಚಿತ್ರಕಾರನ ಬಳಿ ಅಳಿಲಿನ ಕೂದಲಿನ ಕುಂಚವಿತ್ತು. ಗೆರೆಯ ಬಿಗಿಯಲ್ಲಿ ಪುಂಡಿನಾರು ಅದಕ್ಕೆ ಸೋಲುವುದಿಲ್ಲವೆಂದೇ ನನ್ನ ಅಭಿಪ್ರಾಯ.

ಚಿತ್ತಾರದಲ್ಲಿ ರಾಮಾಯಣದ ಕಥೆಯಿಲ್ಲ. ಮಂಟಪದ ಒಳಗೆ ತ್ರಿಕೋಣಗಳಿಂದಾದ ಎರಡು ಪುಟ್ಟ ಗೊಂಬೆಗಳಿರುತ್ತವೆ, ಅವೇ ಮದುಮಕ್ಕಳು. ಅವಕ್ಕೂ ಮುಖದ ಹೋಲಿಕೆ ಬೇಕಿಲ್ಲ. ಆ ಗೋಡೆಯ ಮುಂದೆ ಕುಳಿತವರೇ ಅವರೆಂದು ನೆರೆದವರೆಲ್ಲ ಬಲ್ಲರು. ಇದನ್ನು ಬಿಡುವಿನ ವೇಳೆಯ ಗೀಚಾಟವೆಂದು ತಳ್ಳಿಬಿಡುವ ವಿದ್ಯಾವಂತರನ್ನು ಕಂಡಾಗ ನನಗೆ ವ್ಯಥೆಯಾಗುತ್ತದೆ.

ಮೇವಾಡದ ಕಾಗದವು ಮುನ್ನೂರೈವತ್ತು ವರ್ಷಗಳನ್ನು ಮೀರಿ ಬಾಳಿದೆ. ಹಸೆಯಾದರೋ ಗೋಡೆಗೆ ಮತ್ತೆ ಮಣ್ಣು ಬಳಿಯುವವರೆಗಿನದು. ಅಳಿಸಿಹೋಗುವುದರಲ್ಲಿ ಕೇಡಿರಲಿಲ್ಲ; ಮುಂದಿನ ಮದುವೆಗೆ ಹಿರಿಯಳ ಪಕ್ಕದಲ್ಲಿ ಕುಳಿತ ಹುಡುಗಿಯು ಬರೆಯುತ್ತಿದ್ದಳು. ಈಗ ಮಣ್ಣಿನ ಗೋಡೆಗಳ ಜಾಗಕ್ಕೆ ಸಿಮೆಂಟಿನವು ಬಂದಿವೆ. ಚಿತ್ತಾರವು ಬಟ್ಟೆಯ ಮೇಲೂ ಚೌಕಟ್ಟಿನೊಳಗೂ ಸೇರಿ ಪೇಟೆಗೆ ಹೊರಟಿದೆ. ಗೆರೆ ಅದೇ ಆದರೂ, ಅಲ್ಲಿ ಆ ಎರಡು ಗೊಂಬೆಗಳು ಯಾರ ಮದುಮಕ್ಕಳೆಂದು ಕೇಳಿದರೆ ಹೇಳುವವರಿಲ್ಲ.