ಎಂಜಿನಿನ ಮನೆವಾರ್ತೆಯವನು

ಹೋದ ಮಳೆಗಾಲದಲ್ಲಿ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬರು ಆಲೂರಿನ ಕಡೆಯಿಂದ ನಮ್ಮನ್ನು ಕಾಣಲು ಬಂದಿದ್ದರು. ಕುಶಲ ಪ್ರಶ್ನೆಗಳಾದ ತರುವಾಯ ಅವರು, "ಅಮ್ಮನವರೇ, ಮಗನು ತನ್ನ ಮೋಟಾರು ಸೈಕಲಿನ ಇ.ಸಿ.ಯು. ಎಂಬುದನ್ನು ಬೆಂಗಳೂರಿನಲ್ಲಿ ತಿದ್ದಿಸಬೇಕೆಂದು ಹಣ ಕೇಳುತ್ತಿದ್ದಾನೆ. ಬೇಡವೆಂದರೆ, ನಿನಗೇನು ಗೊತ್ತು ಎನ್ನುತ್ತಾನೆ. ಕೊಡಲೋ, ಬೇಡವೋ?" ಎಂದು ಕೇಳಿದರು. ಆ ದಿನ ನಮಗೂ ತಕ್ಕ ಉತ್ತರವು ತಿಳಿದಿರಲಿಲ್ಲ. ಕಾರಣವನ್ನರಿಯದೆ ಬೇಡವೆಂದರೆ ಮಕ್ಕಳು ಕೇಳುವ ಕಾಲವು ಇದಲ್ಲ. ಆದಕಾರಣ ವಿಜ್ಞಾನದ ಉಪಾಧ್ಯಾಯಿನಿಯರೊಡನೆ ಕುಳಿತು ಓದಿ, ಬಲ್ಲವರನ್ನು ವಿಚಾರಿಸಿ, ಅರಿತಷ್ಟನ್ನು ಮಾತಾಪಿತರ ಪ್ರಯೋಜನಕ್ಕಾಗಿ ಈ ಸಂಚಿಕೆಯಲ್ಲಿ ಪಾಠರೂಪವಾಗಿ ಬರೆದಿದ್ದೇವೆ.

೧. ಬೆಂಕಿಯ ಅಳತೆ

ಒಲೆಯ ಮುಂದೆ ಕುಳಿತ ಪ್ರತಿಯೊಬ್ಬ ತಾಯಿಯೂ ಈ ಪಾಠದ ಅರ್ಧವನ್ನು ಆಗಲೇ ಬಲ್ಲಳು. ಸೌದೆ ಹೆಚ್ಚಾಗಿ ಗಾಳಿ ಕಡಿಮೆಯಾದರೆ ಹೊಗೆ ಸುತ್ತುವುದು. ಊದುಗೊಳವೆಯಿಂದ ಊದಿದರೆ ಉರಿ ಏಳುವುದು. ಎಂಜಿನಿನೊಳಗೂ ಇದೇ ನಿಯಮವುಂಟು. ಒಂದು ಪಾಲು ಪೆಟ್ರೋಲು ಪೂರ್ಣವಾಗಿ ಉರಿಯಬೇಕಾದರೆ ತೂಕದಲ್ಲಿ ಸುಮಾರು ೧೪.೭ ಪಾಲು ಗಾಳಿ ಬೇಕು. ಪೆಟ್ರೋಲು ಹೆಚ್ಚಾದರೆ ಕಪ್ಪುಹೊಗೆಯೂ ಪ್ಲಗ್ಗಿನಲ್ಲಿ ಮಸಿಯೂ ಉಂಟಾಗುವುವು. ತೀರ ಕಡಿಮೆಯಾದರೆ ಎಂಜಿನು ತಡವರಿಸುವುದು, ಮಿತಿಮೀರಿ ಕಾಯುವುದು.

ನಮ್ಮ ಸೀಮೆಯಲ್ಲಿ ಈ ಅಳತೆಯು ಸುಲಭವಾದುದಲ್ಲ. ಹೇಗಂದರೆ, ಗುಂಡ್ಯದಿಂದ ಶಿರಾಡಿ ಘಾಟಿಯನ್ನು ಹತ್ತಿ ಮಾರನಹಳ್ಳಿ, ದೋಣಿಗಾಲುಗಳನ್ನು ದಾಟಿ ಸಕಲೇಶಪುರಕ್ಕೆ ಬರುವವನು ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರು ಎತ್ತರಕ್ಕೆ ಬಂದಿರುತ್ತಾನೆ. ಇಲ್ಲಿಯ ಗಾಳಿಯ ಒತ್ತಡವು ಮಂಗಳೂರಿನ ಕರಾವಳಿಯಲ್ಲಿರುವುದಕ್ಕಿಂತ ನೂರಕ್ಕೆ ಸುಮಾರು ಹತ್ತರಷ್ಟು ಕಡಿಮೆ. ಗಾಳಿ ತೆಳುವಾದಾಗ ಪೆಟ್ರೋಲನ್ನೂ ಅದಕ್ಕೆ ಸರಿಯಾಗಿ ಕಡಿಮೆ ಮಾಡಬೇಕಷ್ಟೆ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಟ ಮೋಟಾರು ಸೈಕಲುಗಳನ್ನು ನಮ್ಮ ಹಿರಿಯರು ಬಲ್ಲರು. ಅವುಗಳಲ್ಲಿದ್ದುದು ಕಾರ್ಬುರೇಟರು. ಅದಕ್ಕೆ ಬೆಟ್ಟವೂ ತಿಳಿಯದು, ಬಯಲೂ ತಿಳಿಯದು. ಬೇಕಾದಲ್ಲಿ ಮೆಕ್ಯಾನಿಕನೇ ಅದರ ಜೆಟ್ಟನ್ನು ಬದಲಿಸಿ ತಿರುಪನ್ನು ತಿರುಗಿಸಿ ಸರಿಪಡಿಸಬೇಕಾಗಿತ್ತು.

೨. ಮನೆವಾರ್ತೆಯವನ ಕೆಲಸ

೨೦೨೦ನೆಯ ಇಸವಿ ಏಪ್ರಿಲ್ ೧ರಿಂದ ಭಾರತದಲ್ಲಿ ಬಿ.ಎಸ್. ೬ ಎಂಬ ಹೊಗೆಯ ನಿಯಮವು ಜಾರಿಗೆ ಬಂದಮೇಲೆ, ಹೊಸ ಮೋಟಾರು ಸೈಕಲುಗಳಲ್ಲಿ ಬಹುಮಟ್ಟಿಗೆ ಕಾರ್ಬುರೇಟರು ಹೋಗಿ ಪೆಟ್ರೋಲು ಚಿಮ್ಮಿಸುವ ಇಂಜೆಕ್ಟರು ಬಂದಿತು. ಅದಕ್ಕೆ ಅಪ್ಪಣೆ ಕೊಡುವ ಸಣ್ಣ ಗಣಕಯಂತ್ರವೇ ಇ.ಸಿ.ಯು. ಇದನ್ನು ನಂಬಿಗಸ್ತನಾದ ಮನೆವಾರ್ತೆಯವನಿಗೆ ಹೋಲಿಸಬಹುದು. ಒಳಗೆ ಬರುವ ಗಾಳಿಯ ಒತ್ತಡವೆಷ್ಟು, ಶಾಖವೆಷ್ಟು, ಸವಾರನು ಎಕ್ಸಿಲರೇಟರನ್ನು ಎಷ್ಟು ತಿರುವಿದ್ದಾನೆ, ಎಂಜಿನು ಎಷ್ಟು ಕಾದಿದೆ, ಹೊರಹೋಗುವ ಹೊಗೆಯಲ್ಲಿ ಆಮ್ಲಜನಕವು ಉಳಿದಿದೆಯೋ ಎಂಬ ವರದಿಗಳನ್ನು ಸೆನ್ಸರುಗಳೆಂಬ ದೂತರು ಅವನಿಗೆ ತರುತ್ತಾರೆ. ಅವನು ತನ್ನ ಕೋಷ್ಟಕವನ್ನು ನೋಡಿ, ಎಷ್ಟು ಪೆಟ್ರೋಲು ಚಿಮ್ಮಬೇಕು, ಕಿಡಿಯು ಯಾವಾಗ ಹಾರಬೇಕು ಎಂಬುದನ್ನು ಗೊತ್ತುಮಾಡುತ್ತಾನೆ. ಎಂಜಿನು ನಿಮಿಷಕ್ಕೆ ೬,೦೦೦ ಸುತ್ತು ತಿರುಗುವಾಗ ಒಂದೇ ಸಿಲಿಂಡರಿನ ನಾಲ್ಕು ಹೊಡೆತದ ಎಂಜಿನಿನಲ್ಲಿ ಈ ಕಾರ್ಯವು ಸೆಕೆಂಡಿಗೆ ೫೦ ಸಲ ನಡೆಯುತ್ತದೆ. ಘಾಟಿ ಹತ್ತುವಾಗ ಗಾಳಿ ತೆಳುವಾದುದನ್ನು ಅವನು ತಾನೇ ಅರಿತು ಪೆಟ್ರೋಲನ್ನು ತಗ್ಗಿಸುತ್ತಾನೆ. ಆದಕಾರಣ "ನಮ್ಮದು ಬೆಟ್ಟದ ಸೀಮೆ, ಇಲ್ಲಿಗಾಗಿ ತಿದ್ದಿಸಬೇಕು" ಎಂಬ ಮಾತಿಗೆ ಆಧಾರವು ಕಡಿಮೆ. ತೆಳುವಾದ ಗಾಳಿಯಿಂದ ತಗ್ಗಿದ ಬಲವನ್ನಂತೂ ಯಾವ ಕೋಷ್ಟಕವೂ ಪೂರ್ಣವಾಗಿ ಹಿಂದಕ್ಕೆ ತರಲಾರದು.

೩. ತಿದ್ದುವುದೆಂದರೇನು

ತಿದ್ದುವಿಕೆಯಲ್ಲಿ ಎರಡು ಬಗೆಗಳುಂಟು. ತಯಾರಿಸಿದ ಕಂಪೆನಿಯೇ ದೋಷವನ್ನು ಕಂಡು ಹೊಸ ಕೋಷ್ಟಕವನ್ನು ತನ್ನ ಅಧಿಕೃತ ಸರ್ವೀಸ್ ಕೇಂದ್ರದಲ್ಲಿ ತುಂಬಿಸಿಕೊಡುವುದು ಮೊದಲನೆಯದು, ಇದಕ್ಕೆ ಅಂಜಬೇಕಾಗಿಲ್ಲ. ಹೊರಗಿನವರು ಬಲವನ್ನು ಹೆಚ್ಚಿಸುವೆವೆಂದು ಹಳೆಯ ಕೋಷ್ಟಕವನ್ನು ಅಳಿಸಿ ತಮ್ಮದನ್ನು ಬರೆಯುವುದು ಎರಡನೆಯದು. ಇದನ್ನೇ ಹುಡುಗರು ರೀಮ್ಯಾಪ್ ಎನ್ನುತ್ತಾರೆ. ಇವರು ಸಾಮಾನ್ಯವಾಗಿ ಪೆಟ್ರೋಲನ್ನು ಹೆಚ್ಚಿಸಿ, ಕಿಡಿಯನ್ನು ಮುಂಚಿತವಾಗಿ ಹಾರಿಸಿ, ಸುತ್ತುಗಳ ಮಿತಿಯನ್ನು ಏರಿಸುತ್ತಾರೆ. ಪಳಗಿದವನು ಡೈನೋ ಎಂಬ ಯಂತ್ರದ ಮೇಲೆ ಅಳೆದು ಮಾಡಿದರೆ ಎಂಜಿನಿನ ತಡವರಿಕೆಯು ಕಡಿಮೆಯಾಗುವುದುಂಟೆಂದು ಒಪ್ಪುತ್ತೇವೆ. ಆದರೆ ಬೇರೇನನ್ನೂ ಬದಲಿಸದ ಸಣ್ಣ ಎಂಜಿನಿನಲ್ಲಿ ದೊರೆಯುವ ಹೆಚ್ಚಿನ ಬಲವು ಅತ್ಯಲ್ಪ. ಕಿಡಿಯು ತೀರ ಮುಂಚಿತವಾದರೆ ಎಂಜಿನು ಒಳಗೊಳಗೇ ಕುಟ್ಟಿಕೊಂಡು ಪಿಸ್ಟನ್ನು ಕೆಡುವುದು. ಪೆಟ್ರೋಲು ಅತಿಯಾದರೆ ಹೊಗೆಯನ್ನು ಶುದ್ಧಿಮಾಡುವ ಕನ್ವರ್ಟರು ಹಾಳಾಗುವುದು. ಅತಿಯಾದರೆ ಅಮೃತವೂ ವಿಷವಲ್ಲವೇ?

ಇನ್ನೊಂದು ಸಂಗತಿಯನ್ನೂ ಹೇಳಬೇಕು. ೨೦೨೩ನೆಯ ಇಸವಿ ಫೆಬ್ರವರಿ ೬ರಂದು ಬೆಂಗಳೂರಿನಲ್ಲಿ ಇ-೨೦ ಪೆಟ್ರೋಲಿನ ಮಾರಾಟಕ್ಕೆ ಆರಂಭವಾಯಿತು. ಅದರಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥನಾಲು ಇರುತ್ತದೆ. ಇದಕ್ಕೆ ೧೪.೭ರ ಬದಲು ಸುಮಾರು ೧೩.೫ ಪಾಲು ಗಾಳಿ ಸಾಕು. ಎಂದರೆ ಅದೇ ಗಾಳಿಗೆ ಪೆಟ್ರೋಲು ತುಸು ಹೆಚ್ಚಾಗಿ ಬೇಕು. ಹೊಗೆಯ ವರದಿಯನ್ನು ನೋಡಿ ಮನೆವಾರ್ತೆಯವನು ಇದನ್ನೂ ಒಂದು ಮಿತಿಯವರೆಗೆ ಸರಿದೂಗಿಸುತ್ತಾನೆ. ಎಕ್ಸಿಲರೇಟರನ್ನು ಪೂರ್ತಿ ತಿರುವಿದಾಗಲಾದರೋ ಅವನು ಆ ವರದಿಯನ್ನು ಬಿಟ್ಟು ಕೋಷ್ಟಕವನ್ನೇ ನಂಬಿ ನಡೆಯುವುದು ವಾಡಿಕೆ. ಆದಕಾರಣ ಬಂಡಿಯು ಇ-೨೦ಕ್ಕೆ ತಕ್ಕುದೋ ಎಂಬುದನ್ನು ಅದರ ಕೈಪಿಡಿಯಲ್ಲಿ ನೋಡತಕ್ಕದ್ದು.

೪. ಕಾನೂನಿನ ಮಾತು

೧೯೮೮ರ ಮೋಟಾರು ವಾಹನಗಳ ಕಾಯಿದೆಯ ೫೨ನೆಯ ಕಲಮಿನ ಪ್ರಕಾರ, ತಯಾರಕರು ಮೊದಲು ಕೊಟ್ಟ ವಿವರಗಳಿಗೆ ಭೇದ ಬರುವಂತೆ ವಾಹನವನ್ನು ಮಾರ್ಪಡಿಸಕೂಡದು. ೨೦೧೯ರ ತಿದ್ದುಪಡಿಯು ಅನುಮತಿಯಿಲ್ಲದ ಒಂದೊಂದು ಮಾರ್ಪಾಟಿಗೂ ೫,೦೦೦ ರೂಪಾಯಿ ದಂಡವನ್ನಾಗಲಿ, ಆರು ತಿಂಗಳವರೆಗೆ ಸೆರೆಯನ್ನಾಗಲಿ, ಎರಡನ್ನೂ ಆಗಲಿ ವಿಧಿಸುತ್ತದೆ. ಬಲವನ್ನೂ ಹೊಗೆಯನ್ನೂ ಬದಲಿಸುವ ಕೆಲಸವು ಈ ನಿಯಮಕ್ಕೆ ಸಿಕ್ಕಿಬೀಳಬಹುದು. ಕಂಪೆನಿಯ ವಾರಂಟಿಯೂ ತಪ್ಪಿಹೋಗಬಹುದು.

೫. ಮಕ್ಕಳನ್ನು ಕೇಳತಕ್ಕ ಪ್ರಶ್ನೆಗಳು

ಈಗ ನಮ್ಮ ಹೆಣ್ಣುಮಕ್ಕಳೂ ಬಂಡಿ ನಡೆಸುವುದರಿಂದ ಈ ಪ್ರಶ್ನೆಗಳು ಇಬ್ಬರಿಗೂ ಸಲ್ಲುತ್ತವೆ:

(ಅ) ಯಾವ ಕೊರತೆಯನ್ನು ನೀಗಿಸಲು ತಿದ್ದಿಸುತ್ತೀ?
(ಆ) ಗಾಳಿಯ ಫಿಲ್ಟರು, ಪ್ಲಗ್ಗು, ಚೈನುಗಳನ್ನು ಮೊದಲು ನೋಡಿಸಿದೆಯಾ?
(ಇ) ತಿದ್ದುವವನು ಅಳೆದು ತಿದ್ದುವನೋ, ಊಹಿಸಿ ತಿದ್ದುವನೋ? ಹಳೆಯ ಕೋಷ್ಟಕವನ್ನು ಉಳಿಸಿಕೊಡುವನೋ?
(ಈ) ಹೆಚ್ಚಿದ ಬಲವನ್ನು ತಡೆಯಲು ನಿನ್ನ ಬ್ರೇಕೂ ಟೈರುಗಳೂ ಸಾಕೇ?

ಇವನ್ನು ನಾವು ಆ ತಾಯಿಗೆ ಕಾಗದದಲ್ಲಿ ಬರೆದು ಕಳುಹಿಸಿದೆವು. ಒಂದು ತಿಂಗಳ ಮೇಲೆ ಅವರ ಉತ್ತರವು ಬಂತು. ಮಗನು ಮೊದಲನೆಯ ಪ್ರಶ್ನೆಗೆ ನಕ್ಕನಂತೆ, ಮೂರನೆಯದಕ್ಕೆ ಯೋಚಿಸಿದನಂತೆ, ನಾಲ್ಕನೆಯದನ್ನು ಕೇಳಿ ಎದ್ದುಹೋಗಿ ಬಂಡಿಯ ಹಿಂದಿನ ಟೈರನ್ನು ಕೈಯಿಂದ ಸವರಿ ನೋಡಿದನಂತೆ. ಅದರ ಪಡಿಯಚ್ಚು ಸವೆದು ನುಣುಪಾಗಿತ್ತು. ಆ ಹಣದಲ್ಲಿ ಹೊಸ ಟೈರೂ ಬ್ರೇಕಿನ ಪ್ಯಾಡುಗಳೂ ಬಂದವು. ಇ.ಸಿ.ಯು. ವಿಷಯವನ್ನು ಅವನು ಇನ್ನೂ ಬಿಟ್ಟಿಲ್ಲವಂತೆ; ಆದರೆ ಈಗ ಸಂಜೆಯ ಹೊತ್ತು ಕೈಪಿಡಿಯನ್ನು ತಾಯಿಯ ಎದುರಿಗೇ ಓದಿ, ಅರ್ಥವನ್ನು ಅವರಿಗೂ ಹೇಳುತ್ತಿದ್ದಾನಂತೆ. ನಮಗೆ ಇದಕ್ಕಿಂತ ಹೆಚ್ಚಿನ ಸಂತೋಷವು ಬೇಡ.