ಎರಡು ಬಣ್ಣದ ಉಣ್ಣೆ ಟೋಪಿ: ಹೆಣಿಗೆಯೂ ಲೆಕ್ಕವೂ

ಕಾಫಿ, ಅಡಿಕೆಯ ವಿಚಾರಕ್ಕೆ ಮೀಸಲಾದ ಈ ಪುಟಗಳಲ್ಲಿ ಟೋಪಿ ಹೆಣೆಯುವ ಪಾಠವೇಕೆ ಎಂದು ಸದಸ್ಯರು ಕೇಳಬಹುದು. ಕಾರಣ ಎರಡು. ಮಳೆಗಾಲದ ಸಂಜೆಗಳಲ್ಲಿ ನಮ್ಮ ಹಲವು ಮನೆಗಳಲ್ಲಿ ಉಲ್ಲನ್ ಸೂಜಿ ಕೈಯಲ್ಲಿರುತ್ತದೆ. ಡಿಸೆಂಬರ್, ಜನವರಿಯ ಕೊಯ್ಲಿನ ಬೆಳಗಿಗೆ ಕಿವಿ ಮುಚ್ಚುವ ಟೋಪಿ ಎಲ್ಲರಿಗೂ ಬೇಕು. ಎರಡನೆಯದಾಗಿ, ತೋಟದ ಆಳಿನ ಲೆಕ್ಕವನ್ನು ಪೈಸೆಯವರೆಗೆ ಬರೆದಿಡುವ ನಾವು ಮನೆಯೊಳಗಿನ ಕೈಕೆಲಸದ ಲೆಕ್ಕವನ್ನು ಬರೆಯುವುದೇ ಇಲ್ಲ. ಈ ಎರಡು ವಿಷಯಗಳಲ್ಲೂ ನಮಗೆ ಪಾಠ ಹೇಳಬಲ್ಲ ಸಣ್ಣ ಹಿಡುವಳಿದಾರರು ಸ್ಕಾಟ್ಲೆಂಡಿನ ಉತ್ತರಕ್ಕಿರುವ ಷೆಟ್ಲೆಂಡ್ ದ್ವೀಪಗಳಲ್ಲಿದ್ದಾರೆ.

೧. ಈ ಹೆಣಿಗೆ ಎಲ್ಲಿಯದು?

ಷೆಟ್ಲೆಂಡಿಗೂ ಆರ್ಕ್ನಿಗೂ ನಡುವೆ ಫೇರ್ ಐಲ್ ಎಂಬ ಪುಟ್ಟ ದ್ವೀಪವಿದೆ. ಉದ್ದ ಸುಮಾರು ೫ ಕಿಲೋಮೀಟರು. ಎರಡು ಬಣ್ಣದ ಚಿತ್ತಾರದ ಹೆಣಿಗೆಗೆ ಈ ದ್ವೀಪದ ಹೆಸರೇ ನಿಂತಿದೆ. ಗಂಡಸರು ಮೀನು ಹಿಡಿಯಲು ಹೋದರೆ, ಹೆಂಗಸರು ತುಂಡು ಜಮೀನು, ಕುರಿ, ಮನೆಗಳನ್ನು ನೋಡಿಕೊಂಡು ಹೆಣೆಯುತ್ತಿದ್ದರು. ಸೊಂಟಕ್ಕೆ ತೂತುಗಳಿರುವ ಚರ್ಮದ ಪಟ್ಟಿ ಕಟ್ಟಿ, ಒಂದು ಸೂಜಿಯ ತುದಿಯನ್ನು ಅದಕ್ಕೆ ಸಿಕ್ಕಿಸಿ, ಬೆನ್ನ ಮೇಲೆ ಉರುವಲಿನ ಬುಟ್ಟಿ ಹೊತ್ತು ನಡೆಯುವಾಗಲೂ ಅವರ ಕೈ ನಿಲ್ಲುತ್ತಿರಲಿಲ್ಲ.

೧೫೮೮ರಲ್ಲಿ ಸ್ಪೇನಿನ ಯುದ್ಧನೌಕೆಯೊಂದು ಈ ದ್ವೀಪದ ಬಳಿ ಒಡೆಯಿತು. ಅದರಲ್ಲಿದ್ದವರೇ ಈ ಚಿತ್ತಾರ ಕಲಿಸಿದರೆಂಬ ಕಥೆಯಿದೆ. ನೌಕೆ ಒಡೆದದ್ದು ನಿಜ, ಉಳಿದದ್ದನ್ನು ಇತಿಹಾಸಕಾರರು ಒಪ್ಪುವುದಿಲ್ಲ. ೧೯೨೨ರಲ್ಲಿ ಆಗಿನ ವೇಲ್ಸ್ ರಾಜಕುಮಾರ ಫೇರ್ ಐಲ್ ಸ್ವೆಟರ್ ತೊಟ್ಟು ಗಾಲ್ಫ್ ಮೈದಾನಕ್ಕೆ ಬಂದ ಮೇಲೆ ಈ ಹೆಣಿಗೆ ಶ್ರೀಮಂತರ ಫ್ಯಾಷನ್ ಆಯಿತು.

೨. ಮೂಲ ನಿಯಮ

ಚಿತ್ತಾರದಲ್ಲಿ ಎಷ್ಟೇ ಬಣ್ಣವಿರಲಿ, ಒಂದು ಸುತ್ತಿನಲ್ಲಿ ಎರಡೇ ಬಣ್ಣ. ಒಂದು ನೂಲಿನಿಂದ ಹೆಣೆಯುವಾಗ ಇನ್ನೊಂದು ನೂಲು ಹಿಂಬದಿಯಲ್ಲಿ ಅಡ್ಡಲಾಗಿ ಸಾಗುತ್ತದೆ. ಇದರಿಂದ ಬಟ್ಟೆ ಎರಡು ಪದರವಾಗಿ, ನಡುವೆ ಗಾಳಿ ನಿಂತು, ಒಂದೇ ಬಣ್ಣದ ಟೋಪಿಗಿಂತ ಹೆಚ್ಚು ಬೆಚ್ಚಗಿರುತ್ತದೆ.

ಟೋಪಿ ಕೆಡುವುದೂ ಈ ಹಿಂದಿನ ಎಳೆಯಿಂದಲೇ. ಎಳೆ ಬಿಗಿಯಾದರೆ ಮುಖ ಸುಕ್ಕುಗಟ್ಟಿ ಟೋಪಿ ತಲೆಗೆ ಇಳಿಯುವುದಿಲ್ಲ. ಸಡಿಲವಾದರೆ ಕುಣಿಕೆಗಳು ಬಾಯಿ ಬಿಡುತ್ತವೆ. ಪರಿಹಾರ ಸುಲಭ. ಬಣ್ಣ ಬದಲಿಸುವ ಮುನ್ನ ಬಲಗೈ ಸೂಜಿಯ ಮೇಲಿನ ಕುಣಿಕೆಗಳನ್ನು ಬೆರಳಿನಿಂದ ಅಗಲಿಸಿ, ಆಮೇಲೆ ಹೊಸ ನೂಲನ್ನು ತನ್ನಿ. ಚಿತ್ತಾರದ ನೂಲು ಯಾವಾಗಲೂ ಕೆಳಗಿನಿಂದ, ನೆಲದ ಬಣ್ಣದ ನೂಲು ಯಾವಾಗಲೂ ಮೇಲಿನಿಂದ ಬರಲಿ. ಕೆಳಗಿನಿಂದ ಬಂದ ಬಣ್ಣ ಎದ್ದು ಕಾಣುತ್ತದೆ. ನಡುವೆ ಕ್ರಮ ತಪ್ಪಿದರೆ ಚಿತ್ತಾರ ಅಲ್ಲಲ್ಲಿ ಮಸುಕಾಗುತ್ತದೆ. ಒಂದು ಉಂಡೆ ಎಡಗಡೆ, ಒಂದು ಬಲಗಡೆ, ಎರಡು ಪಾತ್ರೆಗಳಲ್ಲಿಟ್ಟರೆ ನೂಲು ಸಿಕ್ಕಾಗುವುದಿಲ್ಲ.

೩. ಬೇಕಾಗುವ ಸಾಮಾನು

ನಾಲ್ಕು ಎಳೆಯ ಉಣ್ಣೆ ನೂಲು: ಬಿಳಿ ೫೦ ಗ್ರಾಂ, ನೀಲಿ ಮತ್ತು ಕೆಂಪು ತಲಾ ೨೫ ಗ್ರಾಂ. ಎರಡೂ ತುದಿ ಚೂಪಾಗಿರುವ ಸೂಜಿ ನಾಲ್ಕರ ಎರಡು ಜೊತೆ: ಹಳೆಯ ೧೨ನೇ ನಂಬರಿನದು (೨.೭೫ ಮಿ.ಮೀ.) ಮತ್ತು ೧೦ನೇ ನಂಬರಿನದು (೩.೨೫ ಮಿ.ಮೀ.).

ಮೊದಲು ಎರಡೂ ಬಣ್ಣ ಸೇರಿಸಿ ಅಂಗೈ ಅಗಲಕ್ಕಿಂತ ದೊಡ್ಡ ತುಣುಕು ಹೆಣೆದು, ತೊಳೆದು ಒಣಗಿಸಿ ಅಳೆಯಿರಿ. ೧೦ ಸೆಂಟಿಮೀಟರಿಗೆ ೨೮ ಕುಣಿಕೆ ಇರಬೇಕು. ಆಗ ೧೪೪ ಕುಣಿಕೆಯ ಟೋಪಿಯ ಸುತ್ತಳತೆ ೫೧ ಸೆಂಟಿಮೀಟರು; ೫೫-೫೬ರ ತಲೆಗೆ ಹಿತವಾಗಿ ಹಿಡಿಯುತ್ತದೆ. ನಿಮ್ಮ ಕೈ ಸಡಿಲವಾಗಿ ೨೪ ಕುಣಿಕೆಯೇ ಬಂದರೆ ಅದೇ ಟೋಪಿ ೬೦ ಸೆಂಟಿಮೀಟರಾಗಿ ಕಣ್ಣಿನ ಮೇಲೆ ಜಾರುತ್ತದೆ. ಹಾಗಿದ್ದಲ್ಲಿ ಸಣ್ಣ ಸೂಜಿಗೆ, ಬಿಗಿಯಿದ್ದಲ್ಲಿ ದಪ್ಪ ಸೂಜಿಗೆ ಬದಲಿಸಿ. ಮಣ್ಣು ಪರೀಕ್ಷೆ ಮಾಡಿಸದೆ ಸುಣ್ಣ ಹಾಕುವವನಿಗೂ ಈ ತುಣುಕು ಹೆಣೆಯದೆ ಟೋಪಿ ತೊಡಗುವವರಿಗೂ ವ್ಯತ್ಯಾಸವಿಲ್ಲ.

೪. ಹೆಣೆಯುವ ಕ್ರಮ

ಅಂಚು: ಸಣ್ಣ ಸೂಜಿಯಲ್ಲಿ ಬಿಳಿ ನೂಲಿನಿಂದ ೧೨೮ ಕುಣಿಕೆ ಹಾಕಿ, ಮೂರು ಸೂಜಿಗಳಿಗೆ ಹಂಚಿ, ಸಾಲು ತಿರುಚಿಕೊಳ್ಳದಂತೆ ನೋಡಿ ನಾಲ್ಕನೆಯದರಿಂದ ಸುತ್ತು ಕೂಡಿಸಿ. ೨ ಸೀದಾ, ೨ ಉಲ್ಟಾದಂತೆ ೧೩ ಸುತ್ತು, ಸುಮಾರು ೪ ಸೆಂಟಿಮೀಟರು.

ಮೈ: ದಪ್ಪ ಸೂಜಿಗೆ ಬದಲಾಯಿಸಿ. ಇಲ್ಲಿಂದ ಎಲ್ಲವೂ ಸೀದಾ. ಸುತ್ತಿನಲ್ಲಿ ಹೆಣೆಯುವುದರಿಂದ ಚಿತ್ತಾರ ಸದಾ ಕಣ್ಣೆದುರಿಗಿರುತ್ತದೆ. ಮೊದಲ ಬಿಳಿ ಸುತ್ತಿನಲ್ಲಿ ಪ್ರತಿ ೮ ಕುಣಿಕೆಗೆ ಒಂದನ್ನು ಹೆಚ್ಚಿಸಿ ೧೪೪ ಮಾಡಿ. ಇನ್ನೊಂದು ಬಿಳಿ ಸುತ್ತಿನ ನಂತರ ೬ ಕುಣಿಕೆಯ ಈ ಚಿತ್ತಾರವನ್ನು ಸುತ್ತಿಗೆ ೨೪ ಬಾರಿ ಮಾಡಿ:

೧ನೇ ಸುತ್ತು: ೨ ಬಿಳಿ, ೧ ನೀಲಿ, ೩ ಬಿಳಿ.
೨ನೇ ಸುತ್ತು: ೧ ಬಿಳಿ, ೩ ನೀಲಿ, ೨ ಬಿಳಿ.
೩ನೇ ಸುತ್ತು: ೨ ನೀಲಿ, ೧ ಬಿಳಿ, ೨ ನೀಲಿ, ೧ ಬಿಳಿ.
೪ನೇ ಸುತ್ತು ೨ರಂತೆ. ೫ನೇ ಸುತ್ತು ೧ರಂತೆ.

ನಡುವೆ ಬಿಳಿ ಕಣ್ಣಿರುವ ವಜ್ರಾಕೃತಿ ಮೂಡುತ್ತದೆ. ಎರಡು ಸುತ್ತು ಬಿಳಿ ಹೆಣೆದು ಇದೇ ಚಿತ್ತಾರವನ್ನು ಕೆಂಪಿನಲ್ಲಿ ಮಾಡಿ. ಹೀಗೆ ನೀಲಿ, ಕೆಂಪು, ನೀಲಿ, ಕೆಂಪು ನಾಲ್ಕು ಪಟ್ಟಿ, ಕೊನೆಗೆ ಎರಡು ಸುತ್ತು ಬಿಳಿ. ಒಟ್ಟು ೩೦ ಸುತ್ತು.

ನೆತ್ತಿ: ಬಿಳಿಯಲ್ಲಿ ೧೬ ಸೀದಾ, ೨ ಕೂಡಿಸಿ ಒಂದು, ಹೀಗೆ ೮ ಬಾರಿ ಮಾಡಿದರೆ ೮ ಕುಣಿಕೆ ಕಡಿಮೆಯಾಗುತ್ತದೆ. ಮುಂದಿನ ಸುತ್ತು ಹಾಗೆಯೇ ಸೀದಾ. ಅದರ ಮುಂದಿನದರಲ್ಲಿ ೧೫ ಸೀದಾ, ೨ ಕೂಡಿಸಿ ಒಂದು. ಈ ರೀತಿ ಸುತ್ತು ಬಿಟ್ಟು ಸುತ್ತು ಇಳಿಸಿ ೭೨ಕ್ಕೆ ಬಂದ ನಂತರ ಪ್ರತಿ ಸುತ್ತಿನಲ್ಲೂ ಇಳಿಸಿ. ಉಳಿದ ೮ ಕುಣಿಕೆಗಳೊಳಗೆ ನೂಲು ಪೋಣಿಸಿ ಎಳೆದು, ಒಳಗಡೆ ಭದ್ರಪಡಿಸಿ.

ತೊಳೆಯುವ ಮುನ್ನ ಕೆಂಪು ನೂಲಿನ ತುಂಡನ್ನು ನೆನೆಸಿ ಬಿಳಿ ಬಟ್ಟೆಯ ಮೇಲೆ ಒತ್ತಿ, ಬಣ್ಣ ಬಿಡುವುದೇ ನೋಡಿ. ಉಗುರು ಬೆಚ್ಚಗಿನ ನೀರಿನಲ್ಲಿ ನೆನೆಸಿ, ಹಿಂಡದೆ ಒತ್ತಿ, ನೆರಳಿನಲ್ಲಿ ಮಲಗಿಸಿ ಒಣಗಿಸಿ. ಇದು ಚಳಿಯ ಟೋಪಿ. ಸುರಿಯುವ ಮಳೆಗೆ ನಮ್ಮ ಕಂಬಳಿಕೊಪ್ಪೆಯೇ ಸರಿ.

೫. ಕೊನೆಯ ಸುತ್ತು: ಲೆಕ್ಕ

ಈ ಟೋಪಿಯಲ್ಲಿರುವ ಕುಣಿಕೆಗಳನ್ನು ನಾವು ಕೂಡಿಸಿ ನೋಡಿದ್ದೇವೆ. ಅಂಚಿಗೆ ೧,೬೬೪, ಮೈಗೆ ೪,೩೨೦, ನೆತ್ತಿಗೆ ೨,೧೬೦, ಒಟ್ಟು ೮,೧೪೪. ನಿಮಿಷಕ್ಕೆ ೧೫ ಕುಣಿಕೆಯಂತೆ ಒಂಬತ್ತು ಗಂಟೆಯ ಕೆಲಸ. ತೋಟದಲ್ಲಾದರೆ ಇದು ಒಂದು ಆಳಿನ ದಿನಗೂಲಿಗಿಂತ ಹೆಚ್ಚು. ಹೀಗಿರುವಾಗ ಉಲ್ಲನ್ ದುಡ್ಡಿನ ಮೇಲೆ ಐವತ್ತು ರೂಪಾಯಿ ಇಟ್ಟು ಟೋಪಿ ಮಾರಿದರೆ ಅದು ಲಾಭವಲ್ಲ, ಪುಕ್ಕಟೆ ದುಡಿಮೆ.

ಷೆಟ್ಲೆಂಡಿನ ಹೆಂಗಸರಿಗೆ ಆದದ್ದು ಇದೇ. ೧೮೭೨ರಲ್ಲಿ ಸರ್ಕಾರದ ಪರವಾಗಿ ವಿಲಿಯಂ ಗಥ್ರಿ ಎಂಬ ಅಧಿಕಾರಿ ಅಲ್ಲಿ ವಿಚಾರಣೆ ನಡೆಸಿದಾಗ ಅವರು ಒಬ್ಬೊಬ್ಬರಾಗಿ ಸಾಕ್ಷಿ ಹೇಳಿದರು. ಶಾಲು, ಕಾಲುಚೀಲ ಒಯ್ದರೆ ವರ್ತಕರು ನಗದು ಕೊಡುತ್ತಿರಲಿಲ್ಲ. ಚಹಾ, ಬಟ್ಟೆ ಕೊಡುತ್ತಿದ್ದರು. ಹಿಟ್ಟು ಬೇಕಾದವರು ಆ ಚಹಾವನ್ನು ನೆರೆಯವರಿಗೆ ದಾಟಿಸಬೇಕಾಗಿತ್ತು. ಹೆಣಿಗೆಯ ಬೆಲೆಯನ್ನೂ ಸಾಮಾನಿನ ಬೆಲೆಯನ್ನೂ ಕಟ್ಟುವವನು ಒಬ್ಬನೇ. ೧೮೮೭ರ ಕಾನೂನು ಮನೆಯಲ್ಲಿ ಹೆಣೆದ ಸಾಮಾನಿಗೂ ನಗದೇ ಕೊಡಬೇಕೆಂದಿತು. ಆದರೂ ಪದ್ಧತಿ ಬಹುಕಾಲ ಸಾಯಲಿಲ್ಲ.

ಆ ಕಾಲದ ಫೇರ್ ಐಲ್ ಟೋಪಿಗೆ ಹಾಕುತ್ತಿದ್ದ ನೀಲಿ ಬಣ್ಣದ ಕಥೆಯೂ ಬೇರೆಯಲ್ಲ. ಅಂದು ಬ್ರಿಟನ್ನಿಗೆ ನೀಲಿ ಹೋಗುತ್ತಿದ್ದುದು ಹೆಚ್ಚಾಗಿ ನಮ್ಮ ಬಂಗಾಳ, ಬಿಹಾರಗಳಿಂದ. ಅಲ್ಲಿನ ರೈತ ಮುಂಗಡದ ಸಾಲಕ್ಕೆ ಸಿಕ್ಕಿ, ಕೊಟ್ಟ ದರಕ್ಕೆ ನೀಲಿ ಬೆಳೆಯುತ್ತಿದ್ದ. ೧೮೫೯ರಲ್ಲಿ ಬಂಗಾಳದ ರೈತರು ಇನ್ನು ಬೆಳೆಯುವುದಿಲ್ಲವೆಂದು ಎದ್ದು ನಿಂತರು. ಬಣ್ಣ ಬೆಳೆದವನಿಗೂ ಟೋಪಿ ಹೆಣೆದವಳಿಗೂ ದರ ಹೇಳುವ ಅಧಿಕಾರವಿರಲಿಲ್ಲ. ಅಂಗಡಿ ಸಾಮಾನಿನ ಬಾಬ್ತನ್ನು ಮಂಡಿಯಲ್ಲಿ ಅಡಿಕೆಯ ಹಣದಿಂದ ಮುರಿಸಿಕೊಂಡ ಹಿರಿಯರ ಮನೆಗಳಿಂದ ಬಂದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಹಕಾರ ಸಂಘಗಳು ಹುಟ್ಟಿದ್ದೇ ಅದಕ್ಕೆ.

ಆದುದರಿಂದ ಸದಸ್ಯರಲ್ಲಿ ನಮ್ಮ ಸೂಚನೆ ಇಷ್ಟೇ. ಮನೆಯವರಿಗಾಗಿ ಹೆಣೆದದ್ದಕ್ಕೆ ಲೆಕ್ಕ ಬೇಡ, ಅದು ಅಕ್ಕರೆಯದು. ಮಾರುವ ಟೋಪಿಗೆ ಮಾತ್ರ ನೂಲಿನ ಖರ್ಚು, ಹಿಡಿದ ಗಂಟೆ, ಆ ಗಂಟೆಗೆ ಊರಿನ ಕೂಲಿ, ಈ ಮೂರನ್ನೂ ಬರೆದುಕೊಂಡ ಮೇಲೆಯೇ ಬೆಲೆ ಹೇಳಿ. ಆ ಬೆಲೆಗೆ ಕೊಳ್ಳುವವರಿಲ್ಲವಾದರೆ ಮನೆಯ ಮಕ್ಕಳ ತಲೆಗಳಂತೂ ಇದ್ದೇ ಇವೆ. ತೋಟದ ಲೆಕ್ಕದ ಪುಸ್ತಕದಲ್ಲಿ ಇದಕ್ಕೂ ಒಂದು ಪುಟ ಇರಲಿ. ಆ ಪುಟವನ್ನು ಹೆಣೆದವರೇ ಬರೆಯಲಿ, ಬಂದ ಹಣವೂ ಅವರ ಕೈಗೇ ಸೇರಲಿ.